ಕಿಡ್ನಿ, ಡಿಎನ್‌ಎ ಮತ್ತು ಈಶ್ವರಿ ಬೇರು

ಶೋಳಿಂಗನಲ್ಲೂರಿನ ನಮ್ಮ ಮನೆಯಲ್ಲಿ ಈಗ ಚಿಕ್ಕಪ್ಪನೂ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಊರಿಂದ ಫೋನ್ ಬಂದರೆ ಎರಡು ಮಾತು ತಪ್ಪುವುದಿಲ್ಲ. ಒಂದು, "ಆ ಮಷಿನ್ನಿಂದ ಇರೋ ರಕ್ತಾನೂ ಕೆಡುತ್ತೆ." ಇನ್ನೊಂದು, "ಬೇರಿನ ಪುಡಿ ಕಳಿಸ್ತೀವಿ, ಕುಡಿಸಿ ನೋಡಿ."

ಮೊದಲನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಕಿಡ್ನಿ ರೋಗಿಗಳ ರಕ್ತಕಣಗಳಲ್ಲಿ ಡಿಎನ್‌ಎ ಹಾನಿ ಹೆಚ್ಚಿರುವುದು ನಿಜ. ಅದನ್ನು ನೋಡುವ ಒಂದು ಬಗೆ ಸೊಗಸಾಗಿದೆ. ಜೀವಕೋಶವನ್ನು ತೆಳು ಜೆಲ್‌ನಲ್ಲಿಟ್ಟು ವಿದ್ಯುತ್ ಹಾಯಿಸಿದರೆ ತುಂಡಾದ ಡಿಎನ್‌ಎ ಹೊರಗೆ ಸರಿದು ಧೂಮಕೇತುವಿನ ಬಾಲದಂತೆ ಕಾಣುತ್ತದೆ. ಬಾಲ ದೊಡ್ಡದಾದಷ್ಟೂ ಹಾನಿ ಹೆಚ್ಚು. ಹೆಸರೂ ಕಾಮೆಟ್ ಪರೀಕ್ಷೆ ಎಂದೇ. ಆದರೆ ಜರ್ಮನಿಯ ವುರ್ಟ್ಸ್‌ಬರ್ಗ್‌ನ ಹೆಲ್ಗಾ ಸ್ಟಾಪರ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಕಾಲ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಷ್ಟೇ ಅಲ್ಲ, ಇನ್ನೂ ಶುರುಮಾಡದವರಲ್ಲೂ ಹಾನಿ ಹೆಚ್ಚಿತ್ತು. ಕಿಡ್ನಿ ಸೋಸದೆ ಬಿಟ್ಟ ಕಲ್ಮಶ ರಕ್ತದಲ್ಲೇ ನಿಂತು, ಉರಿಯೂತವೂ ಸೇರಿ ಡಿಎನ್‌ಎಯನ್ನು ಕೆಡಿಸುತ್ತದೆ. ಮಷಿನ್ನನ್ನೊಂದೇ ಬೈದರೆ ಆಗದು.

"ಹಾಗಾದ್ರೆ ಮಕ್ಕಳಿಗೂ ಬರುತ್ತಾ?" ಚಿಕ್ಕಮ್ಮನ ಆತಂಕ ಇದು, ತಂಗಿಗೆ ಗಂಡು ನೋಡುತ್ತಿದ್ದಾರೆ. ರಕ್ತಕಣದಲ್ಲಾದ ಹಾನಿ ಮಕ್ಕಳಿಗೆ ಇಳಿಯುವುದಿಲ್ಲ. ಕಿಡ್ನಿ ತುಂಬ ನೀರುಗುಳ್ಳೆ ಏಳುವ ಪಾಲಿಸಿಸ್ಟಿಕ್ ಕಾಯಿಲೆಯಂಥವು ವಂಶದಲ್ಲಿ ಬರುತ್ತವೆ, ಆದರೆ ಆ ಲೆಕ್ಕವೇ ಬೇರೆ.

ನನಗೆ ಹೆದರಿಕೆ ಇರುವುದು ಬೇರಿನ ಪುಡಿಯದು. ನಮ್ಮ ಕಡೆ ಹಾವು ಕಚ್ಚಿದರೂ ಹೊಟ್ಟೆ ನೊಂದರೂ ನೆನಪಾಗುವ ಈಶ್ವರಿ ಬೇರು ಅರಿಸ್ಟೊಲೋಕಿಯ ಜಾತಿಯದು. (ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈ ಬಳ್ಳಿಯನ್ನೇ ತಿಂದು ಬೆಳೆಯುತ್ತದೆ, ಅದಕ್ಕೆ ದಕ್ಕುತ್ತದೆ.) ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ಡಿಎನ್‌ಎಗೇ ಅಂಟಿಕೊಂಡು ಅದರ ಅಕ್ಷರ ಬದಲಿಸುತ್ತದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ಹೆಂಗಸರ ಕಿಡ್ನಿ ಒಂದರ ಹಿಂದೊಂದು ಸೋತವು. ಒಂದು ಚೀನೀ ಮೂಲಿಕೆಯ ಬದಲು, ಹೆಸರು ಹೋಲುವ ಈ ಜಾತಿಯ ಮೂಲಿಕೆ ಸೇರಿಕೊಂಡಿತ್ತು. ಮುಂದೆ ಅವರಲ್ಲಿ 39 ಮಂದಿಯ ಕಿಡ್ನಿ, ಮೂತ್ರನಾಳ ತೆಗೆದು ಪರೀಕ್ಷಿಸಿದಾಗ 18 ಮಂದಿಗೆ ಕ್ಯಾನ್ಸರ್ ಇತ್ತು ಎಂದು 2000ದಲ್ಲಿ ವರದಿಯಾಯಿತು. ಬಾಲ್ಕನ್ ಹಳ್ಳಿಗಳಲ್ಲಂತೂ ಇದೇ ಜಾತಿಯ ಕಳೆಯ ಬೀಜ ಗೋಧಿಯ ಜೊತೆ ಹಿಟ್ಟಿಗೆ ಸೇರಿ ಮನೆಮನೆಯನ್ನೇ ಕಾಡಿತು.

ನಾಟಿ ಔಷಧಿಯೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಪೊಟ್ಟಣದ ಮೇಲೆ ಏನೇನಿದೆ ಎಂದು ಬರೆದಿರುವುದಿಲ್ಲ, ತೊಂದರೆ ಅದು. ಗುಳಿಗೆ ಬಿಟ್ಟು ವರ್ಷಗಳಾದ ಮೇಲೂ ಆ ಬೆಲ್ಜಿಯಂ ಹೆಂಗಸರ ಕಿಡ್ನಿಯ ಡಿಎನ್‌ಎಯಲ್ಲಿ ಅದರ ಗುರುತು ಸಿಕ್ಕಿತ್ತು. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಾದರೂ ಈ ಬೇರು ತಗೊಂಡಿದ್ದರೆ, ಈಗ ಬಿಟ್ಟಿದ್ದರೂ ಸರಿ, ಕಿಡ್ನಿ ಡಾಕ್ಟರಿಗೆ ಹೆಸರು ಸಮೇತ ಹೇಳಿಬಿಡಿ.