ಥಂಡಿ, ಕಂಬಳಿ ಮತ್ತು ಸೈಕಲ್ಲು

ಕರ್ನಾಟಕದಲ್ಲಿ ಚಳಿ ಎಂದೊಡನೆ ದಕ್ಷಿಣದ ಜಿಲ್ಲೆಗಳವರಿಗೆ ನೆನಪಾಗುವುದು ಮಡಿಕೇರಿ, ಚಿಕ್ಕಮಗಳೂರು. ಹವಾಮಾನದ ದಾಖಲೆ ಬೇರೆಯದೇ ಊರಿನತ್ತ ಬೆರಳು ಮಾಡುತ್ತದೆ. ರಾಜ್ಯದ ಅತಿ ಕಡಿಮೆ ಉಷ್ಣಾಂಶವೆಂದು ಸಾಮಾನ್ಯವಾಗಿ ಉಲ್ಲೇಖವಾಗುವುದು 1918ರ ಡಿಸೆಂಬರ್ 16ರಂದು ಬೀದರಿನಲ್ಲಿ ಅಳೆದ 2.8 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 40 ದಾಟುವ ಸೀಮೆಗೆ ಈ ಥಂಡಿ ಎಲ್ಲಿಂದ ಬಂತು?

ನಕ್ಷೆಯನ್ನು ನೋಡಿದರೆ ಉತ್ತರ ಅರ್ಧ ಸಿಗುತ್ತದೆ. ಬೀದರ ರಾಜ್ಯದ ಉತ್ತರದ ತುದಿ. ಸಮುದ್ರ ದೂರ, ನೆಲ ಸುಮಾರು 600 ಮೀಟರ್ ಎತ್ತರ. ಮಧ್ಯಭಾರತದ ಕಡೆಯಿಂದ ಬರುವ ಒಣಗಾಳಿಯನ್ನು ತಡೆಯುವಂಥ ದೊಡ್ಡ ಪರ್ವತಗಳು ನಡುವೆ ಇಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಹೀಗೆ ಕಾವು ಕಳೆದುಕೊಳ್ಳುತ್ತ ಹೋದ ನೆಲ ಅತಿ ತಣ್ಣಗಾಗುವುದು ನಡುರಾತ್ರಿಯಲ್ಲಲ್ಲ, ಹೊತ್ತು ಮೂಡುವ ಆಸುಪಾಸಿನಲ್ಲಿ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವರು, ಹೊಲಕ್ಕೆ ಹೋಗುವವರು, ಶಾಲೆಯ ಹುಡುಗರು ಸೈಕಲ್ಲು ಹೊರತೆಗೆಯುವುದೂ ಸರಿಯಾಗಿ ಅದೇ ಹೊತ್ತಿಗೆ.

ಅಂಥ ಹಳ್ಳಿಗಳಲ್ಲಿ ಒಂದು ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಎಂದು ಕೆಲವು ವಿದ್ವಾಂಸರು, ಅಲ್ಲ, ಅದು ನಾಸಿಕದ ಕಡೆಯದು ಎಂದು ಮತ್ತೆ ಕೆಲವರು. ಆ ಜಗಳ ಹಾಗಿರಲಿ. ಡಿಸೆಂಬರಿನ ಬೆಳಗಿನಲ್ಲಿ ಇಲ್ಲಿಯವರು 'ಭಾಳ ಥಂಡಿ ಅದ' ಎಂದರೆ ಅದಕ್ಕೆ ಶಾಸನದ ಆಧಾರ ಬೇಕಿಲ್ಲ.

ನಿಂತವನಿಗಿಂತ ಸೈಕಲ್ ತುಳಿಯುವವನಿಗೆ ಚಳಿ ಹೆಚ್ಚು. ಗಾಳಿಯೇ ಇಲ್ಲದ ಮುಂಜಾವಿನಲ್ಲೂ ಅವನು ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. 10 ಡಿಗ್ರಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಸುಮಾರು 8 ಡಿಗ್ರಿಯ ಅನುಭವ; 6 ಡಿಗ್ರಿ ಇದ್ದರೆ 3ರ ಅನುಭವ. ಇದು ಮುಖ, ಕಿವಿ, ಬೆರಳುಗಳ ಮಾತು. ಮೈಯ ಕಥೆಯೇ ಬೇರೆ. ನಾವು ವ್ಯಯಿಸುವ ಶಕ್ತಿಯಲ್ಲಿ ಪೆಡಲಿಗೆ ಸಲ್ಲುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು. ಉಳಿದದ್ದು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಹತ್ತು ನಿಮಿಷ ತುಳಿದ ಮೇಲೆ ಬೆನ್ನು ಬೆವರುತ್ತದೆ, ಬೆರಳು ಮಾತ್ರ ಬ್ರೇಕು ಹಿಡಿಯಲಾರದಷ್ಟು ಮರಗಟ್ಟಿರುತ್ತದೆ. ಎರಡು ಸ್ವೆಟರ್ ಹಾಕಿಕೊಂಡು ಬರಿಗೈಯಲ್ಲಿ ಹೊರಡುವುದು ತಲೆಕೆಳಗಾದ ಲೆಕ್ಕ. ಎದೆಗೆ ಗಾಳಿ ತಾಗದಂತೆ ಒಂದು ಪದರ ಸಾಕು. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯದಲ್ಲಿ ಬೆಟ್ಟದ ನೆತ್ತಿ ಮುಟ್ಟಿದ ಸವಾರರು ಇಳಿಜಾರಿಗೆ ಮುಂಚೆ ಅಂಗಿಯೊಳಗೆ ಹಳೆಯ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದುದು ಇದಕ್ಕಾಗಿಯೇ. ಓದಿ ಮುಗಿದ ಪತ್ರಿಕೆಗೆ ಬಜಿ ಕಟ್ಟುವುದಕ್ಕಿಂತ ಮರ್ಯಾದೆಯ ಉಪಯೋಗವೂ ಉಂಟು!

ಚಳಿ ಸೈಕಲ್ಲನ್ನೂ ಬಿಡುವುದಿಲ್ಲ. 'ನಿನ್ನೆ ಮಧ್ಯಾಹ್ನ ಗಾಳಿ ಹೊಡೆಸಿದ್ದೆ, ಬೆಳಿಗ್ಗೆ ಟೈರು ಮೆತ್ತಗಾಗಿದೆ' ಎಂದು ಪಂಚರ್ ಅಂಗಡಿಯವನ ಮೇಲೆ ಅನುಮಾನ ಪಡುವವರಿದ್ದಾರೆ. ಪಾಪ, ಅವನ ತಪ್ಪಿಲ್ಲ. 30 ಡಿಗ್ರಿಯ ಮಧ್ಯಾಹ್ನ 50 ಪೌಂಡು ತುಂಬಿಸಿದ ಗಾಳಿ 10 ಡಿಗ್ರಿಯ ಬೆಳಿಗ್ಗೆ ಕುಗ್ಗಿ 46ರ ಹತ್ತಿರಕ್ಕೆ ಬಂದಿರುತ್ತದೆ. ಇನ್ನು ಇಬ್ಬನಿ. ನಮ್ಮ ಹಳೆಯ ಮಾದರಿಯ ಕರಿ ಸೈಕಲ್ಲುಗಳ ಉಕ್ಕಿನ ರಿಮ್ಮಿಗೆ ಹೊಳಪಿನ ಲೇಪವಿರುತ್ತದೆ. ಒದ್ದೆಯಾದ ಆ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಅನುಭವಸ್ಥರು ಇಳಿಜಾರು ಬರುವ ಮೊದಲೇ ಒಂದೆರಡು ಸಲ ಬ್ರೇಕು ಒತ್ತಿ ರಿಮ್ಮನ್ನು ಒರೆಸಿಕೊಳ್ಳುತ್ತಾರೆ.

ಇವೆಲ್ಲ ಸಣ್ಣ ತೊಂದರೆಗಳು. ಹಿಮ ಸುರಿಯುವ ಫಿನ್ಲೆಂಡಿನ ಔಲು ನಗರದಲ್ಲಿ ಚಳಿಗಾಲದಲ್ಲೂ ಜನ ಸೈಕಲ್ಲನ್ನು ಬಿಡುವುದಿಲ್ಲ. ಚಳಿಗಾಲದ ಸೈಕಲ್ ಸವಾರಿಯ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಅಲ್ಲಿಯೇ, 2013ರಲ್ಲಿ. ಅಲ್ಲಿಯವರು ಚಳಿಯನ್ನು ಗೆದ್ದದ್ದು ದಪ್ಪ ಬಟ್ಟೆಯಿಂದ ಮಾತ್ರವಲ್ಲ, ಹಿಮ ತೆಗೆದ, ದೀಪ ಬೆಳಗುವ ಪ್ರತ್ಯೇಕ ದಾರಿಯಿಂದ. ನಮ್ಮಲ್ಲಿ ಹಿಮವಿಲ್ಲ, ಕೊರತೆ ಇರುವುದು ದೀಪದ್ದು.

ಕರಿ ಕಂಬಳಿ ಚಳಿಗೆ ಒಳ್ಳೆಯ ಮದ್ದು. ಆದರೆ ಕಪ್ಪು ಸೈಕಲ್ಲಿನ ಮೇಲೆ ಕಪ್ಪು ಕಂಬಳಿ ಹೊದ್ದು ಕತ್ತಲೆಯಲ್ಲಿ ಹೊರಟವನನ್ನು ಹಿಂದಿನಿಂದ ಬರುವ ಲಾರಿಯವನು ಕಾಣುವುದು ಹೇಗೆ? ತಗ್ಗಿಸಿದ ದೀಪದ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ಕಣ್ಣಿಗೆ ಬೀಳುವುದು ಸುಮಾರು 25–30 ಮೀಟರಿನಿಂದ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ. ಚಾಲಕ ಕಂಡು ಬ್ರೇಕು ತುಳಿಯುವಷ್ಟರಲ್ಲೇ ಆ ಅಂತರ ಮುಗಿದುಹೋಗುತ್ತದೆ. ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ವೇಗ 60ಕ್ಕೆ ನಿಲ್ಲುವುದೂ ಇಲ್ಲ. ಮೇಲಾಗಿ ಇದು ಕಬ್ಬಿನ ಹಂಗಾಮು. ಹಿಂದೀಪವಿಲ್ಲದ ಟ್ರೇಲರುಗಳು ಕಬ್ಬು ಹೇರಿಕೊಂಡು ದಾರಿಯ ಅಂಚಿನಲ್ಲೇ ನಿಂತಿರುತ್ತವೆ. ಅವು ಸೈಕಲ್ಲಿನವನನ್ನು ನಡುರಸ್ತೆಗೆ ತಳ್ಳುತ್ತವೆ.

ಹಿಂದೆ ದೀಪದ ವಿಷಯದಲ್ಲಿ ಊರುಗಳು ಇಷ್ಟು ಉದಾರವಾಗಿರಲಿಲ್ಲ. ರಾತ್ರಿ ದೀಪವಿಲ್ಲದೆ ಸೈಕಲ್ ಬಿಟ್ಟರೆ ಪೊಲೀಸರು ಹಿಡಿದು ದಂಡ ಹಾಕುತ್ತಿದ್ದರು. ಎಣ್ಣೆ ದೀಪದ ಕಾಲದಲ್ಲಿ 'ಈಗ ತಾನೆ ಆರಿತು ಸಾಹೇಬರೆ' ಎಂದವನ ದೀಪವನ್ನು ಪೇದೆ ಮುಟ್ಟಿ ನೋಡುತ್ತಿದ್ದನಂತೆ, ಬಿಸಿ ಇದೆಯೋ ಇಲ್ಲವೋ ಎಂದು. ಆಮೇಲೆ ಬಂದದ್ದು ಡೈನಮೊ. ಟೈರಿಗೆ ಉಜ್ಜಿ ತಿರುಗುವ ಆ ಪುಟ್ಟ ಬಾಟಲಿ 6 ವೋಲ್ಟಿನಲ್ಲಿ 3 ವ್ಯಾಟ್ ವಿದ್ಯುತ್ ಕೊಡುತ್ತಿತ್ತು. ಆದರೆ ಏರು ಬಂದರೆ ಬೆಳಕು ಕುಗ್ಗುತ್ತಿತ್ತು, ನಿಂತರೆ ಆರುತ್ತಿತ್ತು, ಇಬ್ಬನಿಗೆ ಟೈರು ಒದ್ದೆಯಾದರೆ ಜಾರುತ್ತಿತ್ತು. ಅದು ಮೂಲೆ ಸೇರಿದ್ದಕ್ಕೆ ದುಃಖಪಡಬೇಕಿಲ್ಲ. ಅದರ ಜಾಗಕ್ಕೆ ಬಂದ ಎಲ್‌ಇಡಿ ದೀಪ ಎಷ್ಟೋ ಉತ್ತಮ. ದುಃಖದ ಸಂಗತಿಯೆಂದರೆ ಹೆಚ್ಚಿನ ಸೈಕಲ್ಲುಗಳಲ್ಲಿ ಆ ಜಾಗ ಖಾಲಿಯೇ ಉಳಿದಿದೆ.

ಎಳ್ಳಮಾವಾಸ್ಯೆಯಂದು ಈ ಸೀಮೆಯ ಮನೆಮಂದಿಯೆಲ್ಲ ಭಜ್ಜಿ, ಕಡುಬು, ಅಂಬಲಿಯ ಗಡಿಗೆ ಹೊತ್ತು ಹೊಲಕ್ಕೆ ಹೋಗುತ್ತಾರೆ. ಅದು ಹಗಲಿನ ಪ್ರಯಾಣ, ಸಂತೋಷದ್ದು. ಶಾಲೆಯ ಮಕ್ಕಳಿಗೆ ಆ ಅನುಕೂಲವಿಲ್ಲ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ, ಹಳ್ಳಿಯಲ್ಲಿ ಪ್ರೌಢಶಾಲೆ ಇಲ್ಲವೆಂದು ಓದು ಬಿಡುತ್ತಿದ್ದ ಎಷ್ಟೋ ಹುಡುಗಿಯರಿಗೆ ದಾರಿ ತೆರೆಯಿತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಸೈಕಲ್ ಕೊಡುವ ಮಾತು ಬಂದಾಗಲೆಲ್ಲ ಬಣ್ಣ, ಗುಣಮಟ್ಟ, ಟೆಂಡರುಗಳ ಚರ್ಚೆ ನಡೆಯುತ್ತದೆ. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ದೀಪ ಬೇಕೆಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ವಿಶೇಷ ಪಾಠಗಳು ಬೀಳುವುದು ಇದೇ ಡಿಸೆಂಬರ್, ಜನವರಿಯಲ್ಲಿ. ಜನವರಿಯ ನಡುವೆ ಬೀದರ ಕಡೆ ಸೂರ್ಯ ಕಾಣುವುದು 6.50ರ ಸುಮಾರಿಗೆ. 6.30ರ ಪಾಠಕ್ಕೆ ಐದು ಕಿ.ಮೀ. ದೂರದ ಹಳ್ಳಿಯಿಂದ ಬರಬೇಕಾದ ಹುಡುಗಿ 6 ಗಂಟೆಗೇ ಮನೆ ಬಿಡಬೇಕು, ಮೈತುಂಬ ಶಾಲು ಹೊದ್ದು, ಕಗ್ಗತ್ತಲೆಯಲ್ಲಿ. ಅದೇ ಪಾಠವನ್ನು 7.30ಕ್ಕೆ ಇಟ್ಟರೆ ಅವಳು ಪೂರ್ತಿ ಬೆಳಕಿನಲ್ಲಿ ಬರುತ್ತಾಳೆ. ಅದಕ್ಕೆ ಸರ್ಕಾರದ ಆದೇಶವೂ ಬೇಡ, ಹಣವೂ ಬೇಡ. ಮುಖ್ಯೋಪಾಧ್ಯಾಯರು ವೇಳಾಪಟ್ಟಿ ತಿದ್ದಿದರೆ ಆಯಿತು.