ಅವಸರದ ಸಾಗಣೆ: ಯಾವಾಗ ಬೇಕು, ಯಾವಾಗ ಬೇಡ

ನಾವು ಹೆಚ್ಚು ಓದಿದವರಲ್ಲ. ಹತ್ತನೇ ತರಗತಿ ಮುಗಿಸಿ ಮುಂಬಯಿ ಬಸ್ಸು ಹತ್ತಿದವರು. ಗಲ್ಲಾದಲ್ಲಿ ಕುಳಿತು, ಅಡುಗೆಮನೆಯಲ್ಲಿ ನಿಂತು ಕಲಿತ ಲೆಕ್ಕವಷ್ಟೇ ನಮ್ಮದು. ಊರಿನಿಂದ ಸಾಮಾನು ತರಿಸುವ ವಿಷಯದಲ್ಲಿ ನಾವು ಮಾಡಿದ ತಪ್ಪು ಬೇರೆಯವರು ಮಾಡದಿರಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಒಂದು ಷಷ್ಟ್ಯಬ್ದಿಯ ಕಥೆ

2024ರ ಜುಲೈ 16, ಮಂಗಳವಾರ. ಮುಲುಂಡಿನ ಹಾಲ್ ಒಂದರಲ್ಲಿ ಷಷ್ಟ್ಯಬ್ದಿ, 350 ಎಲೆಯ ಊಟ. ಪಾರ್ಟಿಯವರ ತಾಯಿಗೆ 85 ದಾಟಿತ್ತು. ಮೆನು ಬರೆಯುವಾಗ ಆ ಅಜ್ಜಿ ನಮ್ಮ ಕೈ ಹಿಡಿದು, "ಮಗಾ, ಬೇರೆ ಏನು ಬೇಕಾದರೂ ಮಾಡು, ಮರಕೆಸುವಿನ ಪತ್ರೊಡೆ ಒಂದು ಮರೀಬೇಡ" ಎಂದರು. ಮುಂಬಯಿ ಮಾರ್ಕೆಟ್ಟಿನಲ್ಲಿ ಆಳೂ ಎಲೆ ಬೇಕಾದಷ್ಟು ಸಿಗುತ್ತದೆ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸು ಮಾತ್ರ ಊರಿನಿಂದಲೇ ಬರಬೇಕು. ನಾವು ಒಪ್ಪಿಕೊಂಡೆವು.

ಭಟ್ಟರು ಲೆಕ್ಕ ಹಾಕಿ 600 ಎಲೆ ಎಂದರು. ಎಲೆ ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಆದ್ದರಿಂದ ಭಾನುವಾರ ಮಧ್ಯಾಹ್ನ ಉಡುಪಿಯಲ್ಲಿ ರೈಲಿಗೆ ಹಾಕಿಸಿ, ಸೋಮವಾರ ಬೆಳಿಗ್ಗೆ ಇಲ್ಲಿ ಬಿಡಿಸಿಕೊಳ್ಳುವುದು ಎಂದು ಗೊತ್ತುಮಾಡಿದೆವು. ಅಷ್ಟೂ ಸರಿಯಾಗಿಯೇ ಇತ್ತು. ಆದರೆ ಆ ಭಾನುವಾರ, ಜುಲೈ 14ರ ಸಂಜೆ, ರತ್ನಾಗಿರಿ ಜಿಲ್ಲೆಯ ದಿವಾಣಖವಟಿ ಹತ್ತಿರ ಕೊಂಕಣ ರೈಲು ಹಳಿಯ ಮೇಲೆ ಗುಡ್ಡ ಕುಸಿಯಿತು. ಸುಮಾರು ಒಂದು ದಿನ ರೈಲುಗಳು ಓಡಲಿಲ್ಲ. ನಮ್ಮ ಎಲೆಯ ಕಟ್ಟು ಹೊತ್ತ ರೈಲೂ ದಾರಿಯಲ್ಲೇ ನಿಂತಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ರಾತ್ರಿ 9 ಗಂಟೆಗೆ ಸುದ್ದಿ ತಿಳಿಯಿತು. ಭಟ್ಟರು, "ಶೆಟ್ರೇ, ಆಳೂ ಎಲೆಯಲ್ಲೇ ಮಾಡುವ, ಯಾರಿಗೆ ಗೊತ್ತಾಗ್ತದೆ?" ಎಂದರು. ಗೊತ್ತಾಗುವ ಒಂದು ನಾಲಿಗೆ ಅಲ್ಲಿತ್ತಲ್ಲ! ಊರಿನ ಅಳಿಯನಿಗೆ ಫೋನ್ ಮಾಡಿದೆವು. ಸೋಮವಾರ ಬೆಳಿಗ್ಗೆ 6ಕ್ಕೇ ಅವನು ಹೆಬ್ರಿ ಕಡೆ ಹೋಗಿ, ನಾಲ್ಕಾರು ಮನೆಯ ತೋಟ ಸುತ್ತಿ, ಮತ್ತೆ 600 ಎಲೆ ಒಟ್ಟು ಮಾಡಿದ. 11ಕ್ಕೆ ಟ್ಯಾಕ್ಸಿ ಹೊರಟು, 1 ಗಂಟೆಗೆ ಬಜ್ಪೆ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಎರಡು ಪೆಟ್ಟಿಗೆ ಒಪ್ಪಿಸಿದ. ಸಂಜೆಯ ವಿಮಾನದಲ್ಲಿ ಬಂದ ಪೆಟ್ಟಿಗೆ ನಮ್ಮ ಕೈಗೆ ಸಿಕ್ಕಿದ್ದು ರಾತ್ರಿ ಪೌಣೆ 9ಕ್ಕೆ. ಮಳೆಯಲ್ಲಿ ಹಾಲ್ ಮುಟ್ಟುವಾಗ ಹತ್ತೂವರೆ. ಹುಡುಗರು ಮಸಾಲೆ ಅರೆದು ಕಾಯುತ್ತಿದ್ದರು. ರಾತ್ರಿಯೆಲ್ಲ ಎಲೆಗೆ ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿದರು. ಮಂಗಳವಾರ ಮಧ್ಯಾಹ್ನ ಅಜ್ಜಿ ಮೂರು ತುಂಡು ಹಾಕಿಸಿಕೊಂಡು ತಿಂದರು.

ಮೊದಲಿನ ಕಟ್ಟನ್ನು ಬುಧವಾರ ಬಿಡಿಸಿಕೊಂಡೆವು. ಎಲೆ ಹಳದಿಯಾಗಿ ಕೊಳೆತಿತ್ತು.

ಖರ್ಚಿನ ಲೆಕ್ಕ

ರೈಲಿನಲ್ಲಿ ತರಿಸಿದ್ದರೆ ರಿಕ್ಷಾ ಸೇರಿ 600 ರೂಪಾಯಿಯಲ್ಲಿ ಮುಗಿಯುತ್ತಿತ್ತು. ವಿಮಾನ, ಟ್ಯಾಕ್ಸಿ, ಇಲ್ಲಿಯ ಟೆಂಪೋ ಎಲ್ಲ ಸೇರಿ ಸುಮಾರು 6,000 ಆಯಿತು. ಅಂದರೆ ಹತ್ತು ಪಟ್ಟು. ಆದರೆ ಒಟ್ಟು ಕಾಂಟ್ರಾಕ್ಟು 1,47,000 ರೂಪಾಯಿಯದು. ಆ ಮನೆಯವರಿಂದ ಅನಂತರ ಇನ್ನೆರಡು ಆರ್ಡರ್ ಬಂದವು. ಈ 6,000ಕ್ಕೆ ನಾವು ಒಂದು ದಿನವೂ ಮರುಗಿಲ್ಲ.

ಇಲ್ಲಿ ಎರಡು ಪಾಠ ಕಲಿತೆವು. ಮೊದಲನೆಯದು, ವಿಮಾನ ಆಕಾಶದಲ್ಲಿದ್ದದ್ದು ಒಂದೂಕಾಲು ಗಂಟೆ ಚಿಲ್ಲರೆ. ಎಲೆ ಕೊಯ್ಯಲು ಹೊರಟಲ್ಲಿಂದ ಹಾಲ್ ಮುಟ್ಟುವವರೆಗೆ ಹದಿನಾರೂವರೆ ಗಂಟೆ. ಅವಸರದ ಸಾಗಣೆ ಅಂದರೆ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಎಂದು ಕೇಳಬೇಕು. ವಿಮಾನ ಎಷ್ಟು ಹೊತ್ತಿನದು ಎಂದಲ್ಲ.

ಎರಡನೆಯದು, ತೂಕದ ಲೆಕ್ಕ. ಎರಡು ಪೆಟ್ಟಿಗೆ ತಕ್ಕಡಿಯಲ್ಲಿ ತೂಗಿದ್ದು 14 ಕಿಲೋ. ದುಡ್ಡು ತೆಗೆದುಕೊಂಡದ್ದು 36 ಕಿಲೋಗೆ. ಮೋಸವೆಂದು ಅಳಿಯ ಜಗಳಕ್ಕೇ ನಿಂತಿದ್ದ. ಮೋಸವಲ್ಲ, ನಿಯಮವೇ ಹಾಗೆ. ಹಗುರವಾಗಿ ಜಾಗ ತಿನ್ನುವ ಮಾಲಿಗೆ ವಿಮಾನದವರು ಗಾತ್ರದ ತೂಕ ಹಿಡಿಯುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಬೇಕು. ನಮ್ಮ ಪೆಟ್ಟಿಗೆ 60, 45, 40. ಗುಣಿಸಿದರೆ 1,08,000. ಭಾಗಿಸಿದರೆ 18 ಕಿಲೋ. ಎರಡಕ್ಕೆ 36. ಇದಕ್ಕೂ ನಿಜ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಕೊರಿಯರಿನವರಲ್ಲಿ ಅನೇಕರು 5,000ದಿಂದ ಭಾಗಿಸುತ್ತಾರೆ, ಆಗ ಇನ್ನೂ ಹೆಚ್ಚಾಗುತ್ತದೆ. ಪೆಟ್ಟಿಗೆ ಚಿಕ್ಕದು ಮಾಡಿ, ಎಲೆ ಒತ್ತಾಗಿ ಜೋಡಿಸಿದ್ದರೆ ಮೂರರಲ್ಲಿ ಒಂದು ಭಾಗ ಉಳಿಯುತ್ತಿತ್ತು.

ಮಾಡಬಾರದ ಅವಸರ

ಇನ್ನು ನಾಚಿಕೆಯ ಕಥೆ. 2023ರಲ್ಲಿ ನವರಾತ್ರಿಯ ತಿಂಗಳು. ನಮ್ಮಲ್ಲಿ ಬ್ಯಾಡಗಿ ಮೆಣಸು ದಿನಕ್ಕೆ 3 ಕಿಲೋ ಬೇಕು. ಯಾವಾಗಲೂ ಲಾರಿಯಲ್ಲಿ ಬರುತ್ತದೆ. ಆ ತಿಂಗಳು ಡಬ್ಬ ಖಾಲಿಯಾದ ಮೇಲೆ ಭಟ್ಟರು ಹೇಳುವುದು, ನಾವು ಬಸ್ಸಿನಲ್ಲಿ 30 ಕಿಲೋ ತರಿಸುವುದು, ಹೀಗೆ ಮೂರು ಸಲ ಆಯಿತು. ಲಾರಿಗೆ ಕಿಲೋಗೆ 6 ರೂಪಾಯಿ ಬೀಳುವಲ್ಲಿ ಬಸ್ಸಿಗೆ 22. ಮೇಲೆ ಬೆಳಗ್ಗಿನ ಜಾವ ಹೋಗಿ ಬಿಡಿಸಿಕೊಳ್ಳುವ ಟೆಂಪೋಗೆ 700. ಮೂರು ಸಲಕ್ಕೆ ಮೂರೂವರೆ ಸಾವಿರ ದಂಡ. ಗುಡ್ಡ ಕುಸಿಯಲಿಲ್ಲ, ಮಳೆ ಬರಲಿಲ್ಲ. ಡಬ್ಬದ ಮುಚ್ಚಳ ತೆಗೆದು ನೋಡದ್ದೇ ಕಾರಣ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ.

ಈಗ ಹೀಗೆ ಮಾಡಿದ್ದೇವೆ. ಲಾರಿ ಸಾಮಾನ್ಯವಾಗಿ 5 ದಿನ ತೆಗೆದುಕೊಳ್ಳುತ್ತದೆ, ತಡವಾದರೆ 8. ನಾವು 8 ಎಂದೇ ಹಿಡಿಯುತ್ತೇವೆ. ದಿನಕ್ಕೆ 3 ಕಿಲೋ, 8 ದಿನಕ್ಕೆ 24 ಕಿಲೋ. ಡಬ್ಬದ ಹೊರಗೆ 24 ಕಿಲೋ ಮಟ್ಟಕ್ಕೆ ಕೆಂಪು ಗೆರೆ ಎಳೆಸಿದೆವು. ಮೆಣಸು ಗೆರೆಗಿಂತ ಕೆಳಗಿಳಿದ ದಿನವೇ ಫೋನ್. ಹಬ್ಬದ ತಿಂಗಳು ದಿನಕ್ಕೆ 4 ಕಿಲೋ ಆದರೆ ಗೆರೆ 32ಕ್ಕೆ ಏರಬೇಕು. ಕುಚಲಕ್ಕಿ, ಬೆಲ್ಲ, ತೆಂಗಿನೆಣ್ಣೆಗೂ ಇದೇ ಲೆಕ್ಕ. ಎರಡು ವರ್ಷದಿಂದ ಬ್ಯಾಡಗಿ ಬಸ್ಸು ಹತ್ತಿಲ್ಲ.

ದುಡ್ಡು ಕೊಟ್ಟೂ ತಡ

ಒಮ್ಮೆ ದೇವಸ್ಥಾನದ ವಾರ್ಷಿಕೋತ್ಸವ, ಭಾನುವಾರ ಅನ್ನಸಂತರ್ಪಣೆ. ಕುಚಲಕ್ಕಿಗೆ ಹೆಚ್ಚು ದುಡ್ಡು ಕೊಟ್ಟು ಎಕ್ಸ್‌ಪ್ರೆಸ್ ಲಾರಿಯಲ್ಲಿ ಹಾಕಿಸಿದೆವು. ಲಾರಿ ಹೇಳಿದ ಹಾಗೆ ಶನಿವಾರವೇ ಭಿವಂಡಿ ಗೋಡೌನು ಮುಟ್ಟಿತು. ಆದರೆ ಮುಟ್ಟುವಾಗ ಸಂಜೆ, ಗೋಡೌನಿಗೆ ಬೀಗ. ಮರುದಿನ ರಜೆ. ಅಕ್ಕಿ ನಮ್ಮಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತಿದೆ, ನಾವು ಡೊಂಬಿವಲಿಯ ಅಂಗಡಿಯಲ್ಲಿ ಚಿಲ್ಲರೆ ದರಕ್ಕೆ ಕೊಳ್ಳುತ್ತಿದ್ದೇವೆ! ಟ್ರಾನ್ಸ್‌ಪೋರ್ಟಿನವರು ಮೊದಲೇ ಹೇಳಬೇಕಿತ್ತು, ನಾವೂ ಕೇಳಬೇಕಿತ್ತು. ಅಂದಿನಿಂದ ಬುಕಿಂಗ್ ಮಾಡುವಾಗ ಮೂರು ಪ್ರಶ್ನೆ ತಪ್ಪದೆ ಕೇಳುತ್ತೇವೆ: ಯಾವ ಜಾಗಕ್ಕೆ ಬರುತ್ತದೆ? ಎಷ್ಟು ಗಂಟೆಯವರೆಗೆ ಕೊಡುತ್ತೀರಿ? ರಜೆ ಯಾವಾಗ?

ಯಾವುದಕ್ಕೆ ಯಾವ ದಾರಿ

ನಮ್ಮ ಸಾಮಾನನ್ನು ನಾವು ಮೂರು ಪಾಲು ಮಾಡಿಕೊಂಡಿದ್ದೇವೆ.

ಇಟ್ಟರೆ ಕೆಡದ ಮೆಣಸು, ಅಕ್ಕಿ, ಬೆಲ್ಲ, ಹುಣಸೆ ಇವೆಲ್ಲ ಲಾರಿಗೆ. ಇವಕ್ಕೆ ಅವಸರ ಬಂದರೆ ನಮ್ಮ ಲೆಕ್ಕ ತಪ್ಪಿದೆ ಎಂದೇ ಅರ್ಥ.

ನಾಲ್ಕೈದು ದಿನ ತಾಳುವ ಮಂಗಳೂರು ಸೌತೆ, ಮಟ್ಟುಗುಳ್ಳ, ಬಾಳೆಕಾಯಿಯಂಥವು ರೈಲು ಇಲ್ಲವೆ ರಾತ್ರಿ ಬಸ್ಸಿಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ನಮ್ಮಂಥವರಿಗೆ ಇದು ವರದಾನವಾಗಿದೆ. ಆದರೆ ಮಳೆಗಾಲಕ್ಕೆ ಆ ಹಳಿಗೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ವೇಗ ಕಡಿಮೆ. ಮಳೆಗಾಲದಲ್ಲಿ ಒಂದು ದಿನ ಹೆಚ್ಚು ಹಿಡಿಯಿರಿ. ಬಂದ ಕೂಡಲೇ ಬಿಡಿಸಿಕೊಳ್ಳಿ, ತಡ ಮಾಡಿದರೆ ಸ್ಟೇಷನ್ನಿನಲ್ಲಿ ವಾರ್ಫೇಜ್ ಬೀಳುತ್ತದೆ.

ಒಂದೆರಡು ದಿನದಲ್ಲೇ ಬಾಡುವ ಹೂ, ಎಲೆ ಮೂರನೆಯ ಪಾಲು. ಶಂಕರಪುರದ ಮಲ್ಲಿಗೆಯನ್ನು ನೋಡಿ. ಬೆಳಿಗ್ಗೆ ಕೊಯ್ದು, ಕಟ್ಟಿ, ಅಂದೇ ದೂರದ ಊರಿಗೆ ಹೊರಡುತ್ತದೆ. ಅದು ಗಾಬರಿಯಲ್ಲಿ ಮಾಡುವ ಅವಸರವಲ್ಲ, ದಿನದಿನದ ಯೋಜನೆ. ಸಾಗಣೆಯ ಖರ್ಚು ಹೂವಿನ ದರದೊಳಗೇ ಕುಳಿತಿರುತ್ತದೆ. ನಾವೂ ಇಂಥ ಮಾಲಿಗೆ ವಿಮಾನದ ಖರ್ಚನ್ನು ಮೊದಲೇ ಎಲೆಯ ದರದಲ್ಲಿ ಸೇರಿಸಬೇಕು.

ವಿಮಾನಕ್ಕೆ ಎಲ್ಲವೂ ಹೋಗುವುದಿಲ್ಲ ಎಂಬುದು ನೆನಪಿರಲಿ. ಉಪ್ಪುನೀರಿನ ಮಾವಿನಕಾಯಿ, ಉಪ್ಪಿನ ಸೊಳೆಯ ಡಬ್ಬ ಸೋರಿದರೆ ತೆಗೆದುಕೊಳ್ಳುವುದಿಲ್ಲ. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಸಾಮಾನಿನ ಮಧ್ಯೆ ತುರುಕಿ ಕಳಿಸಿದರೆ ಇಡೀ ಪೆಟ್ಟಿಗೆ ಹಿಂದೆ ಬರುತ್ತದೆ. ರಸ್ತೆಯಲ್ಲಿ ತರಿಸುವವರು ಕಾಗದ ಸರಿಯಾಗಿಡಿ. 2018ರ ಏಪ್ರಿಲ್‌ನಿಂದ ರಾಜ್ಯದಿಂದ ರಾಜ್ಯಕ್ಕೆ 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ಲು ಬೇಕು, ತಾಜಾ ತರಕಾರಿಯಂಥ ವಿನಾಯಿತಿಯವು ಬಿಟ್ಟು. ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತರೆ ಯಾವ ಎಕ್ಸ್‌ಪ್ರೆಸ್ಸೂ ಎಕ್ಸ್‌ಪ್ರೆಸ್ಸಲ್ಲ.

ಖರ್ಚು ಯಾರದು?

ಪಾರ್ಟಿಯವರು ಕೊನೆಯ ಗಳಿಗೆಯಲ್ಲಿ "ಒಂದು ಐಟಂ ಸೇರಿಸಿ" ಎನ್ನುವುದು ನಮ್ಮೆಲ್ಲರ ಅನುಭವ. ನಾಚಿಕೊಂಡು ನಾವೇ ಖರ್ಚು ನುಂಗುತ್ತೇವೆ. ಈಗ ನಾವು ಕೊಟೇಶನ್ನಿನಲ್ಲಿ ಒಂದು ಸಾಲು ಬರೆಯುತ್ತೇವೆ: ಸಮಾರಂಭಕ್ಕೆ 4 ದಿನದೊಳಗೆ ಮೆನು ಬದಲಿಸಿದರೆ ಊರಿನ ಸಾಮಾನಿನ ಹೆಚ್ಚುವರಿ ಸಾಗಣೆ ವೆಚ್ಚ ಪಾರ್ಟಿಯದ್ದು. ಇದುವರೆಗೆ ಯಾರೂ ಬೇಸರಿಸಿಲ್ಲ. ಆದರೆ ಗುಡ್ಡ ಕುಸಿದದ್ದಕ್ಕೆ, ನಾವು ಮರೆತದ್ದಕ್ಕೆ ಪಾರ್ಟಿಯಿಂದ ಕೇಳಬಾರದು. ಅದಕ್ಕೆಂದು ಪ್ರತಿ ಆರ್ಡರಿನಿಂದ ನೂರಕ್ಕೆ ಒಂದು ರೂಪಾಯಿ ಬೇರೆ ತೆಗೆದಿಡುತ್ತೇವೆ. ವರ್ಷದ ಕೊನೆಗೆ ಅದರಲ್ಲಿ ಉಳಿದದ್ದನ್ನು ಅಡುಗೆಯವರಿಗೆ ಹಂಚುತ್ತೇವೆ. ಈಗ ಡಬ್ಬದ ಗೆರೆಯನ್ನು ಅವರೇ ಕಾಯುತ್ತಾರೆ!

ಕೊನೆಗೆ ಸಂಘದ ಮುಂದೆ ಒಂದು ಕೋರಿಕೆ. ಠಾಣೆ, ಡೊಂಬಿವಲಿ, ಕಲ್ಯಾಣ ಕಡೆಯ ನಾವು ಏಳೆಂಟು ಮಂದಿ ಒಂದೇ ವಾರ, ಒಂದೇ ಊರಿನಿಂದ, ಬೇರೆ ಬೇರೆಯಾಗಿ ಸಣ್ಣ ಸಣ್ಣ ಕಟ್ಟು ತರಿಸುತ್ತೇವೆ. ಉಡುಪಿಯಲ್ಲಿ ಒಬ್ಬ ಜವಾಬ್ದಾರಿಯ ಹುಡುಗನನ್ನು ಇಟ್ಟು, ವಾರಕ್ಕೆ ಎರಡು ದಿನ ಎಲ್ಲರ ಮಾಲು ಒಟ್ಟಿಗೆ ಕಳಿಸಿದರೆ ಎಲ್ಲರಿಗೂ ಬಾಡಿಗೆ ಇಳಿಯುತ್ತದೆ. ಒಬ್ಬರಿಗೆ ತುರ್ತು ಬಂದರೆ ಇನ್ನೊಬ್ಬರ ದಾಸ್ತಾನಿನಿಂದ ಕೈಗಡವೂ ಸಿಗುತ್ತದೆ. ಪಕ್ಕದ ಬೀದಿಯಿಂದ ಬರುವ ಸಾಲಕ್ಕಿಂತ ಬೇಗನೆ ಬರುವ ವಿಮಾನ ಯಾವುದೂ ಇಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಇದನ್ನು ಮಾತಾಡೋಣ. ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಹಿರಿಯರು ಅಲ್ಲೇ ತಿದ್ದಿ ಹೇಳಬೇಕು.