ಜೋರಾಪುರ ಪೇಟೆಯಲ್ಲಿ ಕೂತು ಸೂರ್ಯನನ್ನು ಅಳೆದರೆ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಗಡಿಯಾರ ಹನ್ನೆರಡು ತೋರಿಸುವಾಗ ಸೂರ್ಯ ಇನ್ನೂ ಪೂರ್ತಿ ಮೇಲೇರಿರುವುದಿಲ್ಲ. ಗಡಿಯಾರದ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಊರು ಇರುವುದು 75.7ರ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿಯ ನಡುಹಗಲು ಸರಾಸರಿ 27 ನಿಮಿಷ ತಡ. ಪಶ್ಚಿಮದ ತಿಕೋಟಾಕ್ಕೆ ಮತ್ತೂ ಮುಕ್ಕಾಲು ನಿಮಿಷ ತಡ. ಸೂರ್ಯ ಅಷ್ಟು ಹೊತ್ತಿನಲ್ಲಿ ತಿಕೋಟಾ ತಲುಪಿದ ಎನ್ನಿ, ಇಲ್ಲವೇ ತಿಕೋಟಾವೇ ಸೆಕೆಂಡಿಗೆ 445 ಮೀಟರಿನಂತೆ ಪೂರ್ವಕ್ಕೆ ಓಡಿ ಸೂರ್ಯನ ಕೆಳಗೆ ಬಂತು ಎನ್ನಿ. ಗಡಿಯಾರಕ್ಕೆ ಎರಡೂ ಅಷ್ಟೇ.

ದೋಣಿಯಲ್ಲಿ ಸಾಗುವವನಿಗೆ ದಡ ಹಿಂದಕ್ಕೆ ಸರಿದಂತೆ ಕಾಣುತ್ತದೆ, ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವುದೂ ಹಾಗೆಯೇ ಎಂದು ಆರ್ಯಭಟ 499ರಷ್ಟು ಹಿಂದೆಯೇ ಬರೆದ. ಭೂಮಿ ತಿರುಗುವುದಾದರೆ ಹಾರಿಹೋದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರ ಆಕ್ಷೇಪಿಸಿದ. ಒಳ್ಳೆಯ ಪ್ರಶ್ನೆಯೇ, ಹಕ್ಕಿಯೂ ಗಾಳಿಯೂ ನೆಲದ ವೇಗವನ್ನೇ ಪಡೆದಿರುತ್ತವೆ ಎಂಬುದು ಅದರ ಉತ್ತರ. ವಿಜಯಪುರದವರು ತಮ್ಮವನೆಂದು ಹೇಳಿಕೊಳ್ಳುವ ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭೂಮಿಯನ್ನು ನಿಲ್ಲಿಸಿಯೇ ಗ್ರಹಣಗಳನ್ನು ಗುಣಿಸಿದ. ಅದಕ್ಕೇನೂ ಅಡ್ಡಿಯಾಗಲಿಲ್ಲ, ಗ್ರಹಣದ ಲೆಕ್ಕಕ್ಕೆ ಬೇಕಾದದ್ದು ನಮಗೆ ಸೂರ್ಯ, ಚಂದ್ರರು ಎಲ್ಲಿ ಕಾಣುತ್ತಾರೆ ಎಂಬುದು ಮಾತ್ರ.

ಎಲ್ಲಿ ನಿಂತು ಅಳೆಯುತ್ತೇವೆ ಎಂಬುದನ್ನು ಭೌತವಿಜ್ಞಾನ ಉಲ್ಲೇಖ ಚೌಕಟ್ಟು ಎನ್ನುತ್ತದೆ. ಮಾಳಿಗೆಯ ಮೇಲಿನ ಡಿಶ್‌ಗಳನ್ನು ನೋಡಿ. ಡಿಡಿ ಫ್ರೀ ಡಿಶ್‌ನದಾದರೆ ಅದು ಆಗ್ನೇಯಕ್ಕೆ, ಸಾಕಷ್ಟು ಮೇಲಕ್ಕೆ ಮುಖ ಮಾಡಿರುತ್ತದೆ. ಒಮ್ಮೆ ಬಿಗಿದರೆ ಮುಗಿಯಿತು, ಏಕೆಂದರೆ ಮಾಳಿಗೆಯ ಲೆಕ್ಕದಲ್ಲಿ ಜಿಸ್ಯಾಟ್-15 ಉಪಗ್ರಹ ನಿಂತಲ್ಲೇ ನಿಂತಿದೆ. ಭೂಮಿಯ ಹೊರಗಿನಿಂದ ನೋಡುವವರಿಗೆ ಅದೇ ಉಪಗ್ರಹ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಮೂರು ಕಿ.ಮೀ. ವೇಗದಲ್ಲಿ ಧಾವಿಸುತ್ತಿದೆ. ಡಿಶ್ ಬಿಗಿಯುವವನಿಗೆ ಮೊದಲನೆಯ ಲೆಕ್ಕ ಸಾಕು, ರಾಕೆಟ್ ಹಾರಿಸುವವರಿಗೆ ಎರಡನೆಯದು ಬೇಕು.

ಹಾಗೆಂದು ಎಲ್ಲವೂ ನೋಡುವವರ ಕಣ್ಣಿಗೆ ಬಿಟ್ಟದ್ದು ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಒಂದೇ ವೇಗದಲ್ಲಿ ನೇರ ಸಾಗುವ ಬಂಡಿಯೊಳಗೆ ಕಿಟಕಿ ಮುಚ್ಚಿ ಕೂತರೆ ಚಲನೆ ಪತ್ತೆಯಾಗದು ನಿಜ. ತಿರುಗುವಿಕೆ ಮಾತ್ರ ಮುಚ್ಚಿದ ಕೋಣೆಯಲ್ಲೂ ಸಿಕ್ಕಿಬೀಳುತ್ತದೆ. 1851ರಲ್ಲಿ ಲಿಯಾಂ ಫೂಕೊ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ಕಟ್ಟಿ ತೂಗಿಬಿಟ್ಟ. ತೂಗಾಟದ ದಿಕ್ಕು ಗಂಟೆಗೆ 11 ಡಿಗ್ರಿಯಷ್ಟು ಹೊರಳುತ್ತಾ ಹೋಯಿತು. ಆಕಾಶವನ್ನು ಯಾರೂ ನೋಡಬೇಕಾಗಲಿಲ್ಲ.

ಅಂಥದ್ದೊಂದನ್ನು ಗೋಳಗುಮ್ಮಟದೊಳಗೆ ಇಳಿಬಿಟ್ಟರೆ? ಪುರಾತತ್ವ ಇಲಾಖೆಯವರು ಬಿಡಲಿಕ್ಕಿಲ್ಲ, ಲೆಕ್ಕದಲ್ಲೇ ಇಳಿಬಿಡೋಣ. 50 ಮೀಟರ್ ತಂತಿಯ ಗುಂಡು ಒಮ್ಮೆ ಹೋಗಿ ಬರಲು ಸುಮಾರು 14 ಸೆಕೆಂಡು. ಹೊರಳುವ ವೇಗ ಅಕ್ಷಾಂಶದ ಮೇಲೆ ನಿಂತಿದೆ: ಧ್ರುವದಲ್ಲಿ ಗಂಟೆಗೆ 15 ಡಿಗ್ರಿ, ಸಮಭಾಜಕದಲ್ಲಿ ಸೊನ್ನೆ. ವಿಜಯಪುರದ ಅಕ್ಷಾಂಶ 16.8 ಡಿಗ್ರಿ, ಇಲ್ಲಿ ಗಂಟೆಗೆ 4.3 ಡಿಗ್ರಿ, ಪ್ರದಕ್ಷಿಣೆಯ ದಿಕ್ಕಿನಲ್ಲೇ. ಒಂದು ಪೂರ್ತಿ ಸುತ್ತಿಗೆ ಹತ್ತಿರ ಹತ್ತಿರ ಮೂರೂವರೆ ದಿನ ಹಿಡಿಯುತ್ತದೆ. ಭೂಮಿ ತಿರುಗದೆ ನಿಂತಿದೆ ಎನ್ನುವವರು ಈ 4.3ಕ್ಕೆ ಬೇರೊಂದು ಕಾರಣ ಹುಡುಕಿ ಕೊಡಬೇಕಾಗುತ್ತದೆ.

ಸೂರ್ಯನಾದರೂ ನಿಂತಿದ್ದಾನೆಯೇ? ಇಲ್ಲ, ನಮ್ಮನ್ನೆಲ್ಲ ಕಟ್ಟಿಕೊಂಡು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಕಿ.ಮೀ. ವೇಗದಲ್ಲಿ ಆಕಾಶಗಂಗೆಯ ನಡುವನ್ನು ಸುತ್ತುತ್ತಿದ್ದಾನೆ. ಇಸ್ರೋದ ಆದಿತ್ಯ-ಎಲ್1 ನೌಕೆಯ ದಾರಿಯನ್ನು ವಿವರಿಸಲು ಭೂಮಿ ನಿಂತ ಚೌಕಟ್ಟು, ಸೂರ್ಯ ನಿಂತ ಚೌಕಟ್ಟು ಎರಡನ್ನೂ ಬಿಟ್ಟು ಮೂರನೆಯದೊಂದು ಬೇಕು. ಭೂಮಿ-ಸೂರ್ಯರ ನಡುವಿನ ಗೆರೆಯೊಂದಿಗೆ ತಾನೂ ತಿರುಗುವ ಆ ಚೌಕಟ್ಟಿನಲ್ಲಿ ಸೂರ್ಯನೂ ಸ್ಥಿರ, ಭೂಮಿಯೂ ಹೆಚ್ಚುಕಡಿಮೆ ಸ್ಥಿರ. ನಮ್ಮಿಂದ 15 ಲಕ್ಷ ಕಿ.ಮೀ. ದೂರದ ಖಾಲಿ ಬಿಂದುವೊಂದರ ಸುತ್ತ ನೌಕೆ 178 ದಿನಕ್ಕೊಂದು ಸುತ್ತು ಹಾಕುತ್ತದೆ.